ಬ್ಯಾಗಿನ ತಳದಲ್ಲಿ ಮೂರು ಮಾಸ್ಕ್

21 ಏಪ್ರಿಲ್ 2022, ಗುರುವಾರ, ರಾತ್ರಿ 10.40

ಡ್ಯೂಟಿ ಮುಗಿಸಿ ಬಂದು ಬ್ಯಾಗ್ ಖಾಲಿ ಮಾಡುತ್ತಿದ್ದೆ. ಚಿಲ್ಲರೆ, ಟಿಕೆಟ್ ರೋಲ್, ಪೆನ್ನು, ಎಲ್ಲಾ ತೆಗೆದ ಮೇಲೆ ತಳದಲ್ಲಿ ಮೂರು ಮಾಸ್ಕ್ ಸಿಕ್ಕವು. ನೀಲಿ ಬಣ್ಣದವು. ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರ್, ಅದರ ಮೇಲೆ ನಾಣ್ಯ ಉಜ್ಜಿ ಉಜ್ಜಿ ಗೀರು ಬಿದ್ದು ಒಳಗಿನದು ಮಸುಕಾಗಿ ಕಾಣುತ್ತಿತ್ತು. ಬಸ್ಸಿನಲ್ಲಿ ಈಗ ಯಾರೂ ಮಾಸ್ಕ್ ಬಗ್ಗೆ ಕೇಳುವುದಿಲ್ಲ, ನಾನೂ ಹೇಳುವುದು ಬಿಟ್ಟು ಎಷ್ಟೋ ದಿನ ಆಯ್ತು. ಎಸೆಯೋಣ ಅಂತ ಕೈಗೆ ತೆಗೆದುಕೊಂಡವನು ಹಾಗೇ ಕೂತುಬಿಟ್ಟೆ.

ಮಧ್ಯಾಹ್ನದ ಬಿಡುವಿನಲ್ಲಿ ಡ್ರೈವರ್ ಅಣ್ಣ ಫೋನಲ್ಲಿ ಒಂದು ವಿಡಿಯೋ ತೋರಿಸಿದ್ದರು. ಅಮೆರಿಕದ್ದು. ಈ ಸೋಮವಾರ, 18ನೇ ತಾರೀಕು, ಫ್ಲಾರಿಡಾದ ಫೆಡರಲ್ ನ್ಯಾಯಾಧೀಶರೊಬ್ಬರು ವಿಮಾನ, ರೈಲು, ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯ ಅನ್ನುವ ಆದೇಶವನ್ನು ರದ್ದು ಮಾಡಿದ್ದಾರೆ. ವಿಮಾನ ಇನ್ನೂ ಮೇಲೆ ಹಾರುತ್ತಿರುವಾಗಲೇ ಸುದ್ದಿ ಗೊತ್ತಾಗಿ ಜನ ಮಾಸ್ಕ್ ತೆಗೆದು ಚಪ್ಪಾಳೆ ತಟ್ಟುತ್ತಿದ್ದಾರೆ. "ನೋಡಪ್ಪಾ, ಎಲ್ಲಾ ಕಡೆ ಮುಗೀತು" ಅಂದರು ಡ್ರೈವರ್ ಅಣ್ಣ. ಸಂತೋಷಪಡುವವರ ಮೇಲೆ ನನಗೇನೂ ಸಿಟ್ಟಿಲ್ಲ. ಎಂಟು ಗಂಟೆ ಮೂಗು ಬಾಯಿ ಮುಚ್ಚಿಕೊಂಡು ಕೂಗಿ ಕೂಗಿ ಸ್ಟಾಪ್ ಹೇಳಿದವನು ನಾನು. ಕಿವಿ ಹಿಂದೆ ದಾರ ಉಜ್ಜಿ ಗಾಯ ಆಗಿ, ಅದರ ಮೇಲೆ ಬೆವರು ಇಳಿದಾಗ ಹೇಗೆ ಉರಿಯುತ್ತದೆ ಅಂತ ಗೊತ್ತು. ಆದರೆ ಆ ವಿಡಿಯೋ ನೋಡುವಾಗ ನನ್ನ ಮನಸ್ಸು ಹೋಗಿದ್ದು ಆ ವಿಮಾನದ ಸಿಬ್ಬಂದಿ ಕಡೆಗೆ. ಅಲ್ಲಿನ ವಿಮಾನಯಾನ ಇಲಾಖೆಗೆ 2021ರ ಒಂದೇ ವರ್ಷದಲ್ಲಿ ಪ್ರಯಾಣಿಕರ ಗಲಾಟೆ ಬಗ್ಗೆ 5,981 ದೂರು ಬಂದಿದ್ದವು, ಅದರಲ್ಲಿ 4,290 ಮಾಸ್ಕ್‌ಗೆ ಸಂಬಂಧಿಸಿದ್ದು. ಹತ್ತರಲ್ಲಿ ಏಳು. ಒಂದೊಂದು ದೂರಿನ ಹಿಂದೆಯೂ ಸೀಟುಗಳ ಮಧ್ಯದ ಓಣಿಯಲ್ಲಿ ನಿಂತು "ದಯವಿಟ್ಟು ಹಾಕಿಕೊಳ್ಳಿ" ಅಂತ ಹೇಳಿದ ಒಬ್ಬ ಮನುಷ್ಯ ಇದ್ದಾನೆ ಅಲ್ವಾ. ಚಪ್ಪಾಳೆಯ ಮಧ್ಯೆ ಅವನ ಬಗ್ಗೆ ಯಾರೂ ಮಾತಾಡಲಿಲ್ಲ.

ಇದನ್ನು ಎರಡು ವರ್ಷದಿಂದ ಬರೆಯಬೇಕು ಅಂದುಕೊಂಡು ಬರೆದಿರಲಿಲ್ಲ. ಇವತ್ತು ಬರೆದುಬಿಡುತ್ತೇನೆ.

2020ರ ಜುಲೈ ಕೊನೆ, ಕೊರೊನಾ ಕಾಲ. ಬಸ್ಸು ಮತ್ತೆ ಶುರುವಾಗಿತ್ತು, ಅರ್ಧ ಸೀಟು ಖಾಲಿ ಬಿಡಬೇಕಿತ್ತು. ಮಾಸ್ಕ್ ಇಲ್ಲದವರನ್ನು ಹತ್ತಿಸಬೇಡಿ ಅಂತ ಡಿಪೋದ ಬೋರ್ಡಿನಲ್ಲಿ ಒಂದು ನೋಟಿಸ್ ಅಂಟಿಸಿದ್ದರು, ಕೆಳಗೆ ನಮ್ಮೆಲ್ಲರ ಸಹಿ ತೆಗೆದುಕೊಂಡಿದ್ದರು. ಹತ್ತಿದರೆ ಏನು ಮಾಡಬೇಕು, ಹಾಕಲ್ಲ ಅಂದರೆ ಯಾರಿಗೆ ಫೋನ್ ಮಾಡಬೇಕು, ಬಸ್ಸು ನಿಲ್ಲಿಸಿದ್ದರಿಂದ ಟ್ರಿಪ್ ತಡ ಆದರೆ ಯಾರು ಹೊಣೆ, ಅದು ಯಾವುದೂ ನೋಟಿಸಿನಲ್ಲಿ ಇರಲಿಲ್ಲ. ಕೊಡುವುದಕ್ಕೆ ಒಂದು ಮಾಸ್ಕ್ ಕೂಡ ಕೊಟ್ಟಿರಲಿಲ್ಲ.

ಅದೇ ತಿಂಗಳು ಫ್ರಾನ್ಸಿನ ಬಯೋನ್ ಊರಿನ ಸುದ್ದಿ ಬಂದಿತ್ತು. ಜುಲೈ 5ರ ಸಂಜೆ, ಮಾಸ್ಕ್ ಇಲ್ಲದೆ ಬಸ್ಸಿನಲ್ಲಿದ್ದವರನ್ನು ಪ್ರಶ್ನಿಸಿದ್ದಕ್ಕೆ ಡ್ರೈವರ್ ಒಬ್ಬರನ್ನು ಹೊಡೆದು ಬೀಳಿಸಿದ್ದರು. ಆಸ್ಪತ್ರೆಯಲ್ಲಿದ್ದು, ಐದು ದಿನದ ಮೇಲೆ ತೀರಿಕೊಂಡರು. 59 ವರ್ಷ. ಡಿಪೋದಲ್ಲಿ ನಾವೆಲ್ಲಾ ಅದನ್ನು ಓದಿದ್ದೆವು. ಯಾರೂ ಜಾಸ್ತಿ ಮಾತಾಡಲಿಲ್ಲ. ಆದರೆ ಅವತ್ತಿನಿಂದ ಬಾಗಿಲ ಹತ್ತಿರ ನಿಂತು "ಮಾಸ್ಕ್" ಅನ್ನುವ ಮುಂಚೆ ಎದುರಿಗಿರುವವನ ತೋಳು ನೋಡುವ ಅಭ್ಯಾಸ ಬಂತು. ಒಬ್ಬನೇ ಇದ್ದಾನಾ, ಜೊತೆಗೆ ಜನ ಇದ್ದಾರಾ ಅಂತ ಲೆಕ್ಕ ಹಾಕುವುದು ಬಂತು. ನಾನೊಬ್ಬನೇ ಅಲ್ಲ, ಕೇಳಿದರೆ ಎಲ್ಲರೂ ಅದನ್ನೇ ಹೇಳುತ್ತಾರೆ.

ಆ ದಿನ ಬೆಳಗಿನ ಎರಡನೇ ಟ್ರಿಪ್. ಒಬ್ಬರು ಹತ್ತಿದರು, ಐವತ್ತರ ಮೇಲೆ ವಯಸ್ಸು, ಕೂಲಿ ಕೆಲಸಕ್ಕೆ ಹೋಗುವವರು, ಕೈಯಲ್ಲಿ ಸಿಮೆಂಟ್ ಹತ್ತಿದ ಚೀಲ. ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದರು. ಕಾಸು ತೆಗೆಯಲು ಬಗ್ಗಿದಾಗ ಟವೆಲ್ ಗಂಟು ಸಡಿಲವಾಗಿ ಕುತ್ತಿಗೆಗೆ ಬಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಾಸು, ಬಸ್ಸು ಓಡುತ್ತಿದೆ, ಅವರು ಹೇಗೆ ಕಟ್ಟಿಕೊಳ್ಳಬೇಕು? ನಾನು ಕೂಗಿದೆ. ಎಲ್ಲರ ಮುಂದೆ ಕೂಗಿದೆ. ನಿಮ್ಮಂಥವರಿಂದಲೇ ಹರಡುವುದು ಅಂದೆ. ಮಾಸ್ಕ್ ಅಂದರೆ ಮಾಸ್ಕ್, ಟವೆಲ್ ಅಲ್ಲ, ಇಳೀರಿ ಅಂದೆ. ಅವರು ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಕಾಸನ್ನು ಮತ್ತೆ ಜೇಬಿಗೆ ಹಾಕಿಕೊಂಡರು, ಮುಂದಿನ ಸ್ಟಾಪಿನಲ್ಲಿ ಇಳಿದರು. ಇಳಿದ ಮೇಲೆ ರಸ್ತೆಯಲ್ಲಿ ನಿಂತು ಚೀಲ ಕೆಳಗಿಟ್ಟು ಎರಡೂ ಕೈಯಿಂದ ಟವೆಲ್ ಕಟ್ಟಿಕೊಂಡರು. ಬಸ್ಸು ಹೊರಟಿತ್ತು.

ಹಿಂದಿನ ಸೀಟಿನಲ್ಲಿ ಮೂವರು ಹುಡುಗರಿದ್ದರು. ಮೂವರ ಮುಖದಲ್ಲೂ ಏನೂ ಇರಲಿಲ್ಲ. ಜೋರಾಗಿ ನಗುತ್ತಾ ಫೋನ್ ನೋಡುತ್ತಿದ್ದರು. ಅವರಿಗೆ ಟಿಕೆಟ್ ಕೊಟ್ಟಾಗ ನಾನು ಮಾಸ್ಕ್ ಬಗ್ಗೆ ಒಂದು ಮಾತು ಹೇಳಿರಲಿಲ್ಲ.

ಕಿಟಕಿ ಪಕ್ಕ ಕೂತಿದ್ದ ಒಬ್ಬ ಅಮ್ಮ ಕೇಳಿದರು. "ಅಲ್ಲಾ ಕಂಡಕ್ಟ್ರೇ, ಆ ಹುಡುಗರಿಗ್ಯಾಕೆ ಹೇಳ್ಲಿಲ್ಲ?" ಸಿಟ್ಟಿನಿಂದ ಕೇಳಿದ್ದಲ್ಲ, ಸುಮ್ನೆ ಕೇಳಿದ್ದು. ನಾನು ಮುಂದಿನ ಸ್ಟಾಪ್ ಹೆಸರು ಕೂಗಿ ಬಾಗಿಲ ಕಡೆ ಹೋದೆ.

ಆಮೇಲೆ ಓದಿದಾಗ ಇನ್ನೂ ಬೇಜಾರಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಜೂನ್ 5ರಂದು ಸಾಮಾನ್ಯ ಜನರಿಗೆ ಬಟ್ಟೆಯ ಮಾಸ್ಕ್ ಆಗುತ್ತದೆ ಅಂತ ಹೇಳಿತ್ತು. ಮೂರು ಪದರ ಇದ್ದರೆ ಒಳ್ಳೆಯದು, ಒಳಗಿನ ಪದರ ಹತ್ತಿಯಂತೆ ಹೀರಿಕೊಳ್ಳುವಂಥದ್ದು ಇರಲಿ ಅಂತ ವಿವರವಾಗಿ ಹೇಳಿತ್ತು. ಕಟ್ಟಿಕೊಂಡ ಟವೆಲ್ ಅಷ್ಟು ಒಳ್ಳೆಯದಲ್ಲ, ನಿಜ. ಆದರೆ ಮುಚ್ಚಿಕೊಳ್ಳುವ ಉದ್ದೇಶ ಏನು? ನಾವು ಮಾತಾಡಿದಾಗ, ಕೆಮ್ಮಿದಾಗ ಬಾಯಿಂದ ಬರುವ ಹನಿ ಪಕ್ಕದವರ ಮೇಲೆ ಹೋಗಬಾರದು. ಹಾಕಿಕೊಂಡವನಿಗಿಂತ ಪಕ್ಕ ನಿಂತವನಿಗೆ ಅದರಿಂದ ಜಾಸ್ತಿ ಉಪಯೋಗ. ಆ ಮನುಷ್ಯ ತನ್ನ ಕೈಲಾದದ್ದನ್ನು ಮಾಡಿಕೊಂಡು ಬಂದಿದ್ದರು. ಏನೂ ಮಾಡದೆ ಬಂದ ಮೂವರನ್ನು ನಾನು ಬಿಟ್ಟೆ, ಮಾಡಿದವರನ್ನು ಇಳಿಸಿದೆ. ಯಾಕೆಂದರೆ ಅವರು ತಿರುಗಿ ಹೊಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ನನಗೆ ಇದರಲ್ಲಿ ತುಂಬಾ ನೋವು ಕೊಡುವುದು ಇದೇ. ನಿಯಮ ಎಲ್ಲರಿಗೂ ಒಂದೇ ಅಂತ ಬರೆದಿರುತ್ತಾರೆ. ಆದರೆ ಅದನ್ನು ಹೇಳುವ ಕೆಲಸವನ್ನು ಒಬ್ಬನೇ ಒಬ್ಬನ ತಲೆಗೆ ಕಟ್ಟಿ, ಅವನ ಹಿಂದೆ ಯಾರೂ ನಿಲ್ಲದೆ ಇದ್ದರೆ, ಅವನು ಭಯದಲ್ಲಿ ಮೆತ್ತಗಿರುವವರನ್ನೇ ಹುಡುಕುತ್ತಾನೆ. ಮುದುಕರು, ಕೂಲಿಯವರು, ಒಬ್ಬರೇ ಬರುವ ಹೆಂಗಸರು. ಟಿಕೆಟ್ ಕೊಡುವವನಿಗೆ ದಂಡ ಹಾಕುವ ಅಧಿಕಾರ ಇಲ್ಲ, ಹಾಕಲೂಬಾರದು. ಹಾಗಂತ ಅವನೇ ಜಗಳಕ್ಕೂ ಇಳಿಯಬೇಕು ಅಂದರೆ ಹೇಗೆ?

ಬೇರೆ ಕಡೆ ಹೇಗೆ ಮಾಡಿದ್ದಾರೆ ಅಂತ ಆಗಾಗ ಓದುತ್ತಿದ್ದೆ. ಇಂಗ್ಲೆಂಡಿನಲ್ಲಿ 2020ರ ಜೂನ್ 15ರಿಂದ ಬಸ್ಸು, ರೈಲಿನಲ್ಲಿ ಮುಖ ಮುಚ್ಚುವುದು ಕಡ್ಡಾಯ ಆಯಿತು. ಸಿಬ್ಬಂದಿ ಹಾಕಿಕೊಳ್ಳಿ ಅನ್ನಬಹುದು, ಹತ್ತಿಸಿಕೊಳ್ಳದೆ ಇರಬಹುದು. ದಂಡ ಹಾಕುವುದು ಪೊಲೀಸರ, ಇಲ್ಲವೇ ಅದಕ್ಕೆಂದೇ ನೇಮಿಸಿದ ಅಧಿಕಾರಿಗಳ ಕೆಲಸ. ಮೊದಲು 100 ಪೌಂಡ್ ಇತ್ತು, ಸೆಪ್ಟೆಂಬರಿನಲ್ಲಿ 200 ಮಾಡಿದರು. ಈ ಎರಡು ಕೆಲಸವನ್ನು ಬೇರೆ ಬೇರೆ ಮಾಡಿದ್ದು ನನಗೆ ಸರಿ ಅನ್ನಿಸಿತು. 2021ರ ಜುಲೈ 19ಕ್ಕೆ ಅಲ್ಲಿ ಕಾನೂನು ತೆಗೆದರು. ಲಂಡನ್ನಿನ ಸಾರಿಗೆ ಸಂಸ್ಥೆ ಮಾತ್ರ, ನಮ್ಮ ಬಸ್ಸು, ರೈಲು ಹತ್ತುವವರು ಹಾಕಿಕೊಂಡೇ ಬರಬೇಕು ಅಂತ ತನ್ನದೇ ಷರತ್ತಾಗಿ ಉಳಿಸಿಕೊಂಡಿತು. ಆದರೆ ಕಾನೂನಿನ ಬಲ ಹೋದ ಮೇಲೆ ದಂಡ ಹಾಕುವ ಹಾಗಿಲ್ಲ, ಹೆಚ್ಚೆಂದರೆ ಇಳಿಸಬಹುದು. ಅದನ್ನು ಓದಿದಾಗ ಅಲ್ಲಿನ ಸಿಬ್ಬಂದಿಯ ಪರಿಸ್ಥಿತಿ ನನಗೆ ಚೆನ್ನಾಗಿ ಅರ್ಥವಾಯಿತು. ನವೆಂಬರ್ 30ಕ್ಕೆ ಕಾನೂನು ವಾಪಸ್ ಬಂತು, ಜನವರಿಯಲ್ಲಿ ಮತ್ತೆ ಹೋಯಿತು, ಈ ವರ್ಷ ಫೆಬ್ರವರಿ 24ಕ್ಕೆ ಆ ಷರತ್ತನ್ನೂ ಬಿಟ್ಟರು. ಹೀಗೆ ಬಂದು ಹೋಗುವಾಗಲೆಲ್ಲ, ನಿನ್ನೆ ಏನಿತ್ತು ಇವತ್ತು ಏನಿದೆ ಅಂತ ಬಾಗಿಲಲ್ಲಿ ನಿಂತು ವಿವರಿಸಬೇಕಾದವನು ಯಾರು ಹೇಳಿ.

ಆ ಟವೆಲ್ ಘಟನೆ ಆದ ಮೇಲೆ ನಾನು ಕೂಗುವುದು ನಿಲ್ಲಿಸಿದೆ. ನನ್ನ ಕಾಸಿನಿಂದಲೇ ಮಾಸ್ಕ್ ತಂದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಡ್ರೈವರ್ ಅಣ್ಣನ ಜೊತೆ ಮಾತಾಡಿ ಒಂದು ತೀರ್ಮಾನ ಮಾಡಿದೆವು. ಹೇಳುವುದಿದ್ದರೆ ಮೆಟ್ಟಿಲು ಹತ್ತುವ ಮುಂಚೆಯೇ ಹೇಳಬೇಕು. ಕೆಳಗೆ ನಿಂತಿರುವವನಿಗೆ ಹಾಕಿಕೊಂಡು ಹತ್ತುವುದು ಸುಲಭ. ಒಳಗೆ ಬಂದು ಸೀಟು ಹಿಡಿದು ಕೂತವನಿಗೆ ಹೇಳಿದರೆ ನಲವತ್ತು ಜನರ ಮುಂದೆ ಸೋತ ಹಾಗೆ ಅನ್ನಿಸುತ್ತದೆ, ಆಗ ಮೈ ಮೇಲೆ ಬರುತ್ತಾನೆ. ಹಾಗಾಗಿ ಸ್ಟಾಪ್ ಬಂದ ತಕ್ಷಣ ನಾನು ಬಾಗಿಲಿಗೆ ಬರುತ್ತಿದ್ದೆ. ಹಾಕಿಕೊಳ್ಳುವವರೆಲ್ಲ ಮುಚ್ಚಿಕೊಂಡ ಮೇಲೇ ಅಣ್ಣ ಗಾಡಿ ಎತ್ತುತ್ತಿದ್ದರು. ಇಲ್ಲದವರಿಗೆ "ತಗೊಳ್ಳಿ, ಹೊಸದು" ಅಂತ ಮೆಲ್ಲಗೆ ಒಂದು ಕೊಡುತ್ತಿದ್ದೆ. ಹತ್ತು ಜನರಲ್ಲಿ ಎಂಟೊಂಬತ್ತು ಜನ ಹಾಕಿಕೊಳ್ಳುತ್ತಿದ್ದರು. ಮರೆತು ಬಂದವರು, ದಾರ ಕಿತ್ತುಹೋದವರು, ಒಂದನ್ನೇ ಒಗೆದು ಒಗೆದು ಹಾಕಿಕೊಳ್ಳುತ್ತಿದ್ದು ಅವತ್ತು ಒಣಗದೆ ಬಿಟ್ಟು ಬಂದವರು. ಹಟಕ್ಕೆ ಹಾಕದವರು ತುಂಬಾ ಕಡಿಮೆ. ಅವರ ಜೊತೆ ನಾನು ಜಗಳ ಮಾಡಲಿಲ್ಲ. ಹತ್ತಿರದ ಕಿಟಕಿಯೆಲ್ಲಾ ತೆಗೆಸುತ್ತಿದ್ದೆ, ಮಳೆ ಇದ್ದರೂ. ಪಕ್ಕದವರನ್ನು ಬೇರೆ ಸೀಟಿಗೆ ಕೂರಿಸುತ್ತಿದ್ದೆ.

ಎಲ್ಲರೂ ಹಟಕ್ಕೇ ಹಾಕುವುದಿಲ್ಲ ಅಂತಲೂ ಅಲ್ಲ. ಉಸಿರಾಟದ ತೊಂದರೆ ಇರುವವರು, ಮುಖದ ಮೇಲೆ ಏನಾದರೂ ತಾಗಿದರೆ ಗಾಬರಿಯಾಗುವ ಮಕ್ಕಳು ಇರುತ್ತಾರೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕಡ್ಡಾಯ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಿನ್ನ ಕಾಯಿಲೆ ಏನು, ಚೀಟಿ ತೋರಿಸು ಅಂತ ಬಸ್ಸಿನಲ್ಲಿ ಕೇಳುವ ಹಕ್ಕು ನನಗಿಲ್ಲ. ಆಗಲ್ಲ ಅಂದರೆ ಆಗಲ್ಲ, ಮುಂದಿನ ಸೀಟು ಖಾಲಿ ಮಾಡಿ ಕೂರಿಸುವುದು ಅಷ್ಟೇ.

ಇನ್ನೊಂದು ನೆನಪು. ಒಬ್ಬಳು ಹುಡುಗಿ ಬರುತ್ತಿದ್ದಳು, ಇಪ್ಪತ್ತರ ಆಸುಪಾಸು, ಯಾವಾಗಲೂ ಅಚ್ಚುಕಟ್ಟಾಗಿ ಮಾಸ್ಕ್ ಹಾಕಿರುತ್ತಿದ್ದಳು. ಮೊದಲ ದಿನ ಎಲ್ಲಿಗೆ ಅಂತ ಕೇಳಿದೆ, ಉತ್ತರ ಇಲ್ಲ. ಜೋರಾಗಿ ಕೇಳಿದೆ, ಇನ್ನೂ ಜೋರಾಗಿ ಕೇಳಿದೆ. ಅವಳು ಕಿವಿ ಮುಟ್ಟಿ ತೋರಿಸಿದಳು, ಆಮೇಲೆ ನನ್ನ ಬಾಯಿ ಕಡೆ ಬೆರಳು ತೋರಿಸಿದಳು. ತುಟಿ ನೋಡಿ ಮಾತು ತಿಳಿದುಕೊಳ್ಳುವವಳು. ನನ್ನ ತುಟಿ ಮಾಸ್ಕ್ ಒಳಗಿತ್ತು. ಎರಡು ತಿಂಗಳಿಂದ ಅವಳಿಗೆ ಇಡೀ ಪ್ರಪಂಚ ಹೀಗೆ ಬಾಯಿ ಮುಚ್ಚಿಕೊಂಡಿತ್ತು, ಅದು ನನಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಒಂದು ಟಿಕೆಟಿನ ಹಿಂದೆ ಎಲ್ಲಿಗೆ ಅಂತ ಬರೆದು ಕೊಟ್ಟೆ. ಅವಳು ನನ್ನ ಕೈಯಿಂದಲೇ ಪೆನ್ನು ತೆಗೆದುಕೊಂಡು ಸ್ಟಾಪ್ ಹೆಸರು ಬರೆದಳು, ಅದರ ಪಕ್ಕ ಒಂದು ಚಿಕ್ಕ ನಗುಮುಖ. ಮಾರನೇ ದಿನದಿಂದ ಮನೆಯಿಂದಲೇ ಬರೆದುಕೊಂಡು ಬರುತ್ತಿದ್ದಳು. ಇಂಗ್ಲೆಂಡಿನ ಆ ನಿಯಮದಲ್ಲಿ ತುಟಿ ಓದುವವರ ಜೊತೆ ಮಾತಾಡುವವರಿಗೆ ವಿನಾಯಿತಿ ಅಂತ ಬರೆದಿತ್ತು ಅಂತ ಆಮೇಲೆ ಗೊತ್ತಾಯಿತು. ಅದನ್ನು ಬರೆದವರು ಯಾರೋ ಇಂಥವರನ್ನು ಹತ್ತಿರದಿಂದ ನೋಡಿರಬೇಕು.

ಮಾಸ್ಕ್ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬೇಕಿತ್ತು. ಮುಚ್ಚಿದ ಗಾಡಿಯಲ್ಲಿ ಒಂದು ಗಂಟೆ ಒಬ್ಬರ ಉಸಿರು ಇನ್ನೊಬ್ಬರು ಎಳೆದುಕೊಂಡು ಕೂರುವ ಜಾಗ ಅದು, ಆಫೀಸಿಗೆ ರಜೆ ಹಾಕಲಾಗದವರೇ ಅಲ್ಲಿ ಕೂರುವುದು. ಮತ್ತೆ ಅಂಥ ಕಾಲ ಬಂದರೆ ಮತ್ತೆ ಹಾಕಬೇಕು, ಹಾಕಿಸಬೇಕು. ಆದರೆ ಆಗ ನೋಟಿಸ್ ಅಂಟಿಸುವ ಮುಂಚೆ ಒಂದು ಪೆಟ್ಟಿಗೆ ಮಾಸ್ಕ್ ಕೊಡಲಿ, ದೊಡ್ಡ ಸ್ಟಾಪುಗಳಲ್ಲಿ ಹತ್ತುವ ಜಾಗದಲ್ಲೇ ಇಬ್ಬರನ್ನು ನಿಲ್ಲಿಸಲಿ, ಜಗಳ ಆದರೆ ಕರೆಯಲು ಒಂದು ನಂಬರ್ ಇರಲಿ, ಟ್ರಿಪ್ ತಡ ಆದದ್ದಕ್ಕೆ ಮೆಮೊ ಕೊಡದಿರಲಿ. ಇದಕ್ಕಿಂತ ಜಾಸ್ತಿ ನಾನು ಕೇಳುವುದಿಲ್ಲ.

ಆ ಟವೆಲ್ ಕಟ್ಟಿದವರನ್ನು ಮತ್ತೆ ನೋಡಿಲ್ಲ. ಅದೇ ರೂಟಿನಲ್ಲಿ ಇದ್ದೇನೆ, ಅವರು ಹತ್ತಿದ ಸ್ಟಾಪ್ ದಿನಾ ನಾಲ್ಕು ಸಲ ಸಿಗುತ್ತದೆ. ಕೆಲಸ ಬೇರೆ ಕಡೆ ಸಿಕ್ಕಿರಬಹುದು, ಊರಿಗೆ ಹೋಗಿರಬಹುದು. ಏನಾದರೂ ಆಗಿರಬಹುದಾ ಅಂತಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಸಿಕ್ಕರೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇವತ್ತು ಬೆಳಗ್ಗೆಯೂ ಚೀಲ ಹಿಡಿದ ಒಬ್ಬರು ನಿಂತಿದ್ದು ಕಂಡು ಬಾಗಿಲಿಗೆ ಬಂದೆ. ಅವರಲ್ಲ.

ಮೂರೂ ಮಾಸ್ಕನ್ನು ವಾಪಸ್ ಬ್ಯಾಗಿಗೆ ಹಾಕಿದ್ದೇನೆ, ಈ ಸಲ ಚಿಲ್ಲರೆ ತಾಗದ ಹಾಗೆ ಪಕ್ಕದ ಜೇಬಿನಲ್ಲಿ. ನಾಳೆ ಮೊದಲ ಟ್ರಿಪ್ 5.50ಕ್ಕೆ.