ಒಂದೇ ರಾಗ, ಎರಡು ಮಸಿ

ಜೂನ್ 15, 2025, ಭಾನುವಾರ
ರೆಡಿಂಗ್

ಇವತ್ತು ಕೊನೆಗೂ ಆ ಪಾಳು ಕ್ರೈಸ್ತ ಮಠ ನೋಡಿಬಂದೆವು. ಇಂಗ್ಲೆಂಡಿನ ಈ ಊರಿಗೆ ಬಂದು ನಾಲ್ಕು ವರ್ಷವಾಯಿತು. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಾಕು, ಟಿಕೆಟ್ಟೂ ಇಲ್ಲ. ಆದರೂ ಊರಿಂದ ಬಂದ ನೆಂಟರನ್ನೆಲ್ಲ ಲಂಡನ್ನಿಗೆ ಕರೆದುಕೊಂಡು ಹೋಗಿದ್ದೇ ಬಂತು, ಇಲ್ಲಿಗೆ ಕಾಲಿಟ್ಟಿರಲಿಲ್ಲ. ಇವತ್ತು ಹೋಗಿದ್ದೂ ಮಗಳ ಕಾಟಕ್ಕೆ. ಶಾಲೆಯಲ್ಲಿ ಏನೋ ಹಾಡು ಕಲಿಸಿದ್ದಾರೆ, ಒಂದು ವಾರದಿಂದ ಮನೆ ತುಂಬಾ 'ಕುಕೂ ಕುಕೂ'. ಆ ಹಾಡು ಕೆತ್ತಿದ ಕಲ್ಲು ಮಠದಲ್ಲಿದೆಯಂತೆ.

ಮಠ ಅಂದರೆ ಈಗ ಬರೀ ಗೋಡೆಗಳು. 1121ರಲ್ಲಿ ಮೊದಲನೇ ಹೆನ್ರಿ ರಾಜ ಸ್ಥಾಪಿಸಿದ್ದು, ಅವನನ್ನು ಹೂಳಿದ್ದೂ ಇಲ್ಲೇ. 1539ರಲ್ಲಿ ಎಂಟನೇ ಹೆನ್ರಿ ಮುಚ್ಚಿಸಿದ. ಕೊನೆಯ ಮಠಾಧಿಪತಿಯನ್ನು ಗಲ್ಲಿಗೇರಿಸಿದರು. ಆಮೇಲೆ ಹೊರಗಿನ ಚೆಂದದ ಕಲ್ಲನ್ನೆಲ್ಲ ಜನ ಕಿತ್ತುಕೊಂಡು ಹೋದರು, ಗೋಡೆಯೊಳಗೆ ತುಂಬಿದ್ದ ಚಕಮಕಿ ಕಲ್ಲು ಮಾತ್ರ ಉಳಿದುಕೊಂಡಿದೆ. ಸನ್ಯಾಸಿಗಳು ದಿನಾ ಸಭೆ ಸೇರುತ್ತಿದ್ದ ಕೋಣೆಗೆ ಚಾವಣಿ ಇಲ್ಲ. ಅಲ್ಲಿದೆ ಹಾಡಿನ ಕಲ್ಲು, 1913ರದು, ಸ್ವರಗಳ ಸಮೇತ.

'ಸುಮರ್ ಇಸ್ ಇಕುಮೆನ್ ಇನ್'. ಬೇಸಿಗೆ ಬಂತು, ಗಟ್ಟಿಯಾಗಿ ಹಾಡು ಕುಕೂ. 13ನೇ ಶತಮಾನದ ಇಂಗ್ಲಿಷ್. (ಈ ಕುಕೂ ನಮ್ಮೂರಲ್ಲಿ ಕೂಗುವ ಕೋಗಿಲೆ ಅಲ್ಲ, ಬೇರೆ ಹಕ್ಕಿ, ಕೂಗುವುದು ಎರಡೇ ಸ್ವರ.) ಬೀಜ ಮೊಳೆಯುತ್ತಿದೆ, ಹುಲ್ಲುಗಾವಲು ಹೂಬಿಡುತ್ತಿದೆ, ಮರಿಗಾಗಿ ಕುರಿ ಅರಚುತ್ತದೆ, ಕರುವಿಗಾಗಿ ಹಸು ಕೂಗುತ್ತದೆ, ಹೋರಿ ನೆಗೆಯುತ್ತದೆ, ಹೋತ ಹೂಸು ಬಿಡುತ್ತದೆ. ನಿಜವಾಗಲೂ ಹಾಗೇ ಇದೆ. ಆ ಪದಕ್ಕೆ 'ತಿರುಗುತ್ತದೆ' ಅಂತ ಅರ್ಥ ಹೇಳಿ ಹೋತದ ಮಾನ ಉಳಿಸಲು ನೋಡಿದ ವಿದ್ವಾಂಸರೂ ಇದ್ದಾರೆ. ಮಗಳ ಕ್ಲಾಸಿನಲ್ಲಿ ಯಾವ ಅರ್ಥ ಗೆದ್ದಿದೆ ಅಂತ ಬೇರೆ ಹೇಳಬೇಕಾ.

ಮನೆಗೆ ಬಂದು ಮೂಲ ಹಸ್ತಪ್ರತಿಯ ಫೋಟೋ ಹುಡುಕಿದೆ. ಅದಿರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಹೆಸರು ಹಾರ್ಲಿ 978. ಆ ಒಂದೇ ಪುಸ್ತಕದಲ್ಲಿ ರೆಡಿಂಗ್ ಮಠದ ಹಬ್ಬಹರಿದಿನಗಳ ಪಟ್ಟಿ, ಔಷಧಿಯ ಬರಹ, ಮರೀ ದ ಫ್ರಾನ್ಸ್ ಎಂಬ ಕವಯಿತ್ರಿಯ ಪ್ರೇಮಕಥೆಗಳು ಎಲ್ಲಾ ಇವೆ. ಹಾಡಿನ ಪುಟ ತೆರೆದವಳು ಹಾಗೇ ಕೂತುಬಿಟ್ಟೆ. ಸ್ವರಗಳ ಕೆಳಗೆ ಒಂದಲ್ಲ, ಎರಡು ಸಾಲು ಸಾಹಿತ್ಯ. ಕಪ್ಪು ಮಸಿಯಲ್ಲಿ ಕುಕೂ ಹಾಡು. ಅದರ ಕೆಳಗೇ ಕೆಂಪು ಮಸಿಯಲ್ಲಿ ಲ್ಯಾಟಿನ್: ನೋಡು ಕ್ರೈಸ್ತನೇ, ಸ್ವರ್ಗದ ರೈತ ದ್ರಾಕ್ಷಿ ಬಳ್ಳಿಯ ತಪ್ಪಿಗಾಗಿ ತನ್ನ ಮಗನನ್ನೂ ಉಳಿಸಿಕೊಳ್ಳದೆ ಸಾವಿಗೆ ಕೊಟ್ಟ. (ರೈತ ಅಂದರೆ ದೇವರು, ಬಳ್ಳಿ ಅಂದರೆ ಮನುಷ್ಯರು, ಮಗ ಅಂದರೆ ಯೇಸು.) ರಾಗ ಅದೇ. ಒಂದೊಂದೇ ಪದ ಜೋಡಿಸಿ ನೋಡಿದೆ. ಹೋರಿಯ ಕೆಳಗೆ 'ಸೆರೆಯಾಳುಗಳು'. ಹೋತದ ಹೂಸಿನ ಕೆಳಗೆ 'ಅರೆಜೀವವಾದವರು'.

ಇವರು ಪಕ್ಕದಿಂದ ಇಣುಕಿ, "ಓ, ಹಾಡಿಗೆ ಮಡಿ ಉಡಿಸಿದ್ದಾರೆ" ಅಂದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಆಗಿನ ಯುರೋಪಿನಲ್ಲಿ ಚರ್ಚಿನ ಸಂಗೀತ ಒಂದು ಕಡೆ, ಬೀದಿಯದು ಇನ್ನೊಂದು ಕಡೆ, ನಡುವೆ ಗೋಡೆ ಅಂತ ತಲೆಯಲ್ಲಿತ್ತಲ್ಲ. ಆದರೆ ಮುಚ್ಚುವುದೇ ಉದ್ದೇಶವಾಗಿದ್ದರೆ ಕಪ್ಪು ಸಾಲನ್ನು ಯಾಕೆ ಬಿಟ್ಟರು? ಚರ್ಮದ ಹಾಳೆ, ಚಾಕುವಿನಿಂದ ಕೆರೆದರೆ ಅಕ್ಷರ ಹೋಗುತ್ತದೆ. ಅದೇ ಪುಟದಲ್ಲಿ ಸ್ವರಗಳನ್ನು ತಿದ್ದಿದ ಗುರುತುಗಳಿವೆ, ಅಂದರೆ ಯಾರೋ ಕೂತು ಸರಿಮಾಡಿದ್ದಾರೆ. ಹೋತವನ್ನು ಮಾತ್ರ ಮುಟ್ಟಿಲ್ಲ.

ಇನ್ನೊಂದು ವಿಷಯ. ಹೇಗೆ ಹಾಡಬೇಕು ಅನ್ನುವ ಸೂಚನೆ ಆ ಪುಟದಲ್ಲೇ ಇದೆ, ಅದು ಪೂರ್ತಿ ಲ್ಯಾಟಿನ್ನಿನಲ್ಲಿ. ಕುರಿ ಕಾಯುವವನಿಗೆ ಬರೆದದ್ದಂತೂ ಅಲ್ಲ. ಮಧ್ಯರಾತ್ರಿ ಎದ್ದು ಚಳಿಯಲ್ಲಿ ನಿಂತು, ವಾರಕ್ಕೊಮ್ಮೆ ಬೈಬಲ್ಲಿನ 150 ಕೀರ್ತನೆಗಳನ್ನೂ ಹಾಡಿ ಮುಗಿಸುತ್ತಿದ್ದ ಸನ್ಯಾಸಿಗಳೇ ಇದನ್ನೂ ಹಾಡಿರಬೇಕು, ನಗುತ್ತಲೇ ಹಾಡಿರಬೇಕು ಅಂತ ನನಗನ್ನಿಸುತ್ತದೆ.

ಇದೊಂದೇ ಅಂತಲ್ಲ. ಫ್ರಾನ್ಸಿನ ಮೊಂಪೆಲಿಯೆಯಲ್ಲಿರುವ ಅದೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ಮೂರು ದನಿಗಳ ಹಾಡಿದೆ. ಕೆಳಗಿನ ದನಿ ಚರ್ಚಿನ ಲ್ಯಾಟಿನ್ ಹಾಡಿನ ಒಂದು ಚೂರನ್ನು ಹಿಡಿದು ನಿಧಾನಕ್ಕೆ ಎಳೆಯುತ್ತದೆ. ನಡುವಿನದು ಕುರಿಗಾಹಿ ಹುಡುಗಿ, 'ರೋಬಿನ್‌ಗೆ ನನ್ನ ಮೇಲೆ ಪ್ರೀತಿ' ಅನ್ನುತ್ತಾಳೆ. ಮೇಲಿನವನಿಗೆ ನಲ್ಲೆಯನ್ನು ಅಗಲಿದ ಸಂಕಟ. ಮೂರೂ ಒಟ್ಟಿಗೆ! ಯಾರ ಮಾತೂ ಕಿವಿಗೆ ಬೀಳುವುದಿಲ್ಲ, ಆದರೂ ಚೆನ್ನಾಗಿರುತ್ತದೆ. 1324ರ ಹೊತ್ತಿಗೆ ಅವಿನ್ಯೋನಿನಲ್ಲಿದ್ದ ಪೋಪ್ 22ನೇ ಜಾನ್‌ಗೆ ಸಾಕಾಗಿಹೋಯಿತು. ರಾಗವನ್ನು ತುಂಡು ತುಂಡು ಮಾಡುತ್ತಾರೆ, ಪೂಜೆಯ ಸಂಗೀತಕ್ಕೆ ಲೌಕಿಕ ದನಿಗಳನ್ನು ತುರುಕುತ್ತಾರೆ ಅಂತ ಬೈದು ಆಜ್ಞೆಯನ್ನೇ ಹೊರಡಿಸಿದ. ಕೇಳಿದವರು ಯಾರು? 15ನೇ ಶತಮಾನದಲ್ಲಿ 'ಆಯುಧ ಹಿಡಿದವನು ಬಂದ, ಹುಷಾರು' ಅನ್ನುವಂಥ ಒಂದು ಫ್ರೆಂಚ್ ಹಾಡು ಎಲ್ಲರ ಬಾಯಲ್ಲಿತ್ತು. ಅದರ ರಾಗದ ಮೇಲೆ ಕಟ್ಟಿದ ಚರ್ಚಿನ ಪೂಜಾ ಸಂಗೀತವೇ 40ಕ್ಕೂ ಜಾಸ್ತಿ.

ಕುಕೂ ಹಾಡಿನ ತಳದಲ್ಲಿ ಇಬ್ಬರು ಒಂದು ಪುಟ್ಟ ಸಾಲನ್ನು ಸುಮ್ನೆ ತಿರುಗಿ ತಿರುಗಿ ಹಾಡುತ್ತಿರಬೇಕು. ಅದಕ್ಕೆ ಅಲ್ಲಿ 'ಪೆಸ್' ಅಂತ ಹೆಸರು, ಅಂದರೆ ಪಾದ. (ಸಂಸ್ಕೃತದ ಪಾದವೂ ಲ್ಯಾಟಿನ್ನಿನ ಪೆಸ್ಸೂ ಒಂದೇ ಬೇರಿನವು.) ಆ ಪಾದದ ಸ್ವರಗಳು ಈಸ್ಟರ್ ಹಬ್ಬದಲ್ಲಿ ಹಾಡುವ, ಯೇಸುವಿನ ತಾಯಿ ಮರಿಯಮ್ಮನ ಸ್ತುತಿಯ ಶುರುವನ್ನು ಹೋಲುತ್ತವೆ ಅನ್ನುವವರಿದ್ದಾರೆ. ಹಾಗಾದರೆ ಹೋತ ನಿಂತಿರುವುದೇ ಸ್ತುತಿಯ ಮೇಲೆ.

ಸಂಜೆ ಅಡುಗೆಮನೆಯಲ್ಲಿ ನಾವೂ ನೋಡಿಯೇಬಿಟ್ಟೆವು. ಸೂಚನೆ ಹೇಳುವುದು ಹೀಗೆ: ಪಾದದವರನ್ನು ಬಿಟ್ಟು ನಾಲ್ಕು ಜನ ಗೆಳೆಯರು ಹಾಡಬಹುದು, ಮೂವರಿಗಿಂತ ಕಡಿಮೆ ಬೇಡ, ತೀರಾ ಆಗದಿದ್ದರೆ ಇಬ್ಬರು. ಮೊದಲನೆಯವನು ಹಾಡುತ್ತಾ ಪುಟದಲ್ಲಿ ಹಾಕಿರುವ ಶಿಲುಬೆಯ ಗುರುತು ದಾಟಿ ಮುಂದಿನ ಸ್ವರಕ್ಕೆ ಬಂದಾಗ ಎರಡನೆಯವನು ಮೊದಲಿನಿಂದ ಶುರುಮಾಡಬೇಕು. ನಾವು ಇರುವುದೇ ಮೂರು ಜನ. ಅಪ್ಪನಿಗೆ ಜಾಸ್ತಿ ನೆನಪಿರುವುದಿಲ್ಲ ಅಂತ ಮಗಳು ಅವರಿಗೆ ಪಾದ ಕೊಟ್ಟಳು. ಪಾದಕ್ಕೂ ಇಬ್ಬರು ಬೇಕಿತ್ತು, ಇರಲಿ. ಅವಳು ಮುಂದೆ, ನಾನು ಹಿಂದೆ. ಪ್ರತಿ ಸಲವೂ ಶಿಲುಬೆಯ ಹತ್ತಿರ ನಾನು ಅವಳ ದನಿ ಕೇಳುತ್ತಾ ನಿಂತುಬಿಡುತ್ತೇನೆ. "ಕೇಳ್ಬೇಡ ಅಮ್ಮಾ, ಹಾಡು!" ಐದನೇ ಸಲ ಸರಿಯಾದ ಜಾಗದಲ್ಲಿ ಹೊಕ್ಕೆ, ಕುರಿಯ ತನಕವೂ ಹೋದೆ. ಅಷ್ಟರಲ್ಲಿ ಇವರು ಪಾದ ಬಿಟ್ಟು ಹೋತದ ಸಾಲಿಗೆ ಬಂದಿದ್ದರು.