ಮಿಲ್ ಒಳಗೆ ಲೋಹಗಾಜಿಗೆ ಏನಾಗುತ್ತದೆ?

ಲೋಹಗಾಜಿನ (ಹರಳಿನ ಕ್ರಮವಿಲ್ಲದೆ, ಗಾಜಿನಲ್ಲಿರುವಂತೆ ಪರಮಾಣುಗಳು ಅಡ್ಡಾದಿಡ್ಡಿ ಕೂತ ಲೋಹದ) ರಿಬ್ಬನ್ನನ್ನು ಬಾಲ್ ಮಿಲ್‌ಗೆ, ಅಂದರೆ ಜಾರ್‌ನಲ್ಲಿ ಗುಂಡುಗಳಿಂದ ಅರೆಯುವ ಯಂತ್ರಕ್ಕೆ, ಹಾಕಿದರೆ ಬರೀ ಪುಡಿಯಾಗುವುದಿಲ್ಲ, ಪರಮಾಣುಗಳ ಜೋಡಣೆಯೂ ಬದಲಾಗುತ್ತದೆ. ಗುಂಡುಗಳ ಹೊಡೆತವೆಲ್ಲ ಸುಮಾರು 10–20 ನ್ಯಾನೊಮೀಟರ್ ದಪ್ಪದ ಷಿಯರ್ ಪಟ್ಟಿಗಳಲ್ಲಿ (ಲೋಹ ಒಂದರ ಮೇಲೊಂದು ಜಾರುವ ತೆಳು ಪದರಗಳಲ್ಲಿ) ಸೇರಿಕೊಳ್ಳುತ್ತದೆ. ಅಲ್ಲಿ ಪರಮಾಣುಗಳಿಗೆ ಓಡಾಡಲು ಜಾಗ ಸಿಕ್ಕಿ ನ್ಯಾನೊ ಹರಳುಗಳು ಹುಟ್ಟಬಹುದು.

ನೂರು ಪರಮಾಣುಗಳಲ್ಲಿ ಕಬ್ಬಿಣ 78, ಸಿಲಿಕಾನ್ 9, ಬೋರಾನ್ 13ರ ಮಿಶ್ರಲೋಹವನ್ನೇ ನೋಡಿ. ಬರೀ ಕಾಯಿಸಿದರೆ 500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹರಳುಗಟ್ಟುವ ಇದರಲ್ಲಿ, ಅಷ್ಟು ಕಾವಿಲ್ಲದ ಮಿಲ್‌ನಲ್ಲೂ ಆಲ್ಫಾ ಕಬ್ಬಿಣ (ಕಬ್ಬಿಣದ ಸಾಮಾನ್ಯ ಹರಳು ರೂಪ) ಕಾಣಿಸಿಕೊಳ್ಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, 1983ರಲ್ಲಿ ಸಂಶೋಧಕ ಕೋಕ್ ಮತ್ತು ಸಂಗಡಿಗರು ನಿಕಲ್ ಮತ್ತು ನಿಯೋಬಿಯಂ ಪುಡಿಗಳನ್ನು 60:40ರಲ್ಲಿ ಅರೆದು ಲೋಹಗಾಜನ್ನೇ ಪಡೆದಿದ್ದರು. ಕಟ್ಟುವುದೂ ಕೆಡಿಸುವುದೂ ಅದೇ ಹೊಡೆತ! ಇದು ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಎಚ್ಚರ ಬೇಕಾದದ್ದು ಅಳತೆಯಲ್ಲಿ. ತಾಮ್ರದ ಎಕ್ಸ್‌ರೇ ಟ್ಯೂಬಿನ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಚದುರುವ ಕೋನದಿಂದ ಹರಳನ್ನು ಗುರುತಿಸುವ ಅಳತೆಯಲ್ಲಿ) ಆಲ್ಫಾ ಕಬ್ಬಿಣದ ಮುಖ್ಯ ಶಿಖರ 44.7 ಡಿಗ್ರಿ ಕೋನದಲ್ಲಿದ್ದು, ಗಾಜಿನ ಅಗಲ ಗುಡ್ಡದೊಳಗೇ ಅಡಗಿಬಿಡುತ್ತದೆ. ಅದರ ಬೇರೆ ಶಿಖರಗಳನ್ನು 65 ಮತ್ತು 82 ಡಿಗ್ರಿಯ ಹತ್ತಿರ ಹುಡುಕಿ. ತಾಮ್ರದ ಟ್ಯೂಬಿನ ಕಿರಣ ತಾಗಿ ಕಬ್ಬಿಣ ತಾನೇ ಹೊಮ್ಮಿಸುವ ಎಕ್ಸ್‌ರೇ (ಫ್ಲೋರೆಸೆನ್ಸ್) ಹಿನ್ನೆಲೆಯನ್ನು ಎತ್ತರಿಸುವುದರಿಂದ ಕೋಬಾಲ್ಟ್ ಟ್ಯೂಬ್ ಇದ್ದರೆ ಒಳ್ಳೆಯದು. ಉಕ್ಕಿನ ಜಾರ್ ಆದರೆ ಸವೆದು ಬೆರೆತ ಕಬ್ಬಿಣವೂ ಅದೇ ಜಾಗದಲ್ಲಿ ಶಿಖರ ಕೊಡುತ್ತದೆ, ಅದನ್ನು ಹರಳುಗಟ್ಟುವಿಕೆ ಎಂದು ಬರೆದುಬಿಡುವುದು ತುಂಬ ಸುಲಭ.

ಜಾರ್‌ಗೆ ಆರ್ಗಾನ್ ಅನಿಲ ತುಂಬಿ, ಗುಂಡು–ಪುಡಿ ತೂಕ 10:1 ಇಟ್ಟು, 15 ನಿಮಿಷ ಓಡಿಸಿ 15 ನಿಮಿಷ ನಿಲ್ಲಿಸಿ. ಜಾರ್ ಕಾದರೆ ಕಾವಿನ ಪರಿಣಾಮ, ಹೊಡೆತದ ಪರಿಣಾಮ ಬೇರ್ಪಡಿಸಲಾಗದು. ಡಿಎಸ್‌ಸಿಯಲ್ಲಿ (ಕಾಯಿಸುವಾಗ ಮಾದರಿ ಬಿಡುವ, ಹೀರುವ ಶಾಖವನ್ನು ಅಳೆಯುವ ಯಂತ್ರದಲ್ಲಿ) ಪುಡಿಯ ಹರಳುಗಟ್ಟುವ ಶಾಖವನ್ನು ಮೂಲ ರಿಬ್ಬನ್ನಿನದರೊಂದಿಗೆ ಹೋಲಿಸಿ ಉಳಿದ ಗಾಜಿನ ಪಾಲು ಅಂದಾಜಿಸಬಹುದು. ಬೆರೆತ ಉಕ್ಕಿನ ತೂಕವನ್ನು ಮಾತ್ರ ಮೊದಲು ಕಳೆಯಿರಿ.