ಸೆಟ್ ಚೀಟಿಗಳ ಡಬ್ಬ: ಮೂರನೇ ತಿಂಗಳು

ಚೀಟಿ ಲೆಕ್ಕ ಇವತ್ತಿಗೆ 84. ಇಂಗ್ಲಿಷಿನ ‘ಸೆಟ್’ ಪದಕ್ಕೆ ಎಲ್ಲೆಲ್ಲಿ ಯಾವ ಕನ್ನಡ ಮಾತು ಹೊಂದುತ್ತೆ ಅಂತ ಚೀಟಿಗೊಂದು ಅರ್ಥ ಬರೆದು ಹಳೇ ಬೂಟಿನ ಡಬ್ಬಕ್ಕೆ ಹಾಕ್ತಾ ಬಂದಿದ್ದೇನೆ. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ (ಅದೇ, 20 ಸಂಪುಟಗಳದ್ದು) ಈ ಪದದ ವಿವರಣೆಯೇ ಸುಮಾರು 60,000 ಪದಗಳಷ್ಟು ಉದ್ದ, ಅರ್ಥಗಳು 430ಕ್ಕೂ ಹೆಚ್ಚು. ಈಚೆಗೆ ‘ರನ್’ ಅದನ್ನೂ ಹಿಂದೆ ಹಾಕಿದೆಯಂತೆ. ಅದರ ತಂಟೆ ನನಗೆ ಬೇಡ.

ಮೊದಲ ತಿಂಗಳ ಕೆಲಸ ದಂಡವಾಯ್ತು. ಸೆಟ್ ದೋಸೆ, ಟೀ ಸೆಟ್, ಪಂಪ್‌ಸೆಟ್ ಎಲ್ಲವನ್ನೂ ಕ್ರಿಯಾಪದದ ಚೀಟಿಗಳ ಜೊತೆ ಬೆರೆಸಿಬಿಟ್ಟಿದ್ದೆ. ಮೂಲ ಹುಡುಕಿದಾಗ ಗೊತ್ತಾಯ್ತು, ಇವು ಎರಡು ಬೇರೆ ಮನೆತನ. ಗುಂಪು ಅನ್ನೋ ಅರ್ಥದ ಸೆಟ್ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೇ ಫ್ರೆಂಚ್ ದಾಟಿ ಬಂದದ್ದು. ಕ್ರಿಯಾಪದ ಮಾತ್ರ ಅಪ್ಪಟ ಹಳೇ ಇಂಗ್ಲಿಷ್, ‘ಸಿಟ್’ನ ಪ್ರೇರಣಾರ್ಥಕ. ಅಂದರೆ ನಮ್ಮ ಕೂರು, ಕೂರಿಸು!

ಅಲ್ಲಿಂದ ಕೆಲಸ ಓಡಿತು. ಉಂಗುರಕ್ಕೆ ಹರಳು ಕೂರಿಸೋದು, ಜಾರಿದ ಮೂಳೆ ಕೂರಿಸೋದು, ಕೋಳಿನ ಕಾವಿಗೆ ಕೂರಿಸೋದು, ಮೂರಕ್ಕೂ ಇಂಗ್ಲಿಷಿನವರು ಸೆಟ್ ಅಂತಲೇ ಅಂತಾರೆ. ಕೋಳಿ ಚೀಟಿ ಬರೆದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ‘ಫ್ರೂಟ್ ಸೆಟ್’ ಚೀಟಿಗೂ ‘ಕಾಯಿ ಕೂರುವುದು’ ಅಂತ ಗೀಚಿ ಅಜ್ಜಿಗೆ ಓದಿ ಹೇಳಿದೆ.

“ಕಾಯಿ ಎಲ್ಲಿ ಕೂರುತ್ತೋ? ಹೂವು ಉದುರದೆ ನಿಂತ್ರೆ ಕಾಯಿ ಕಚ್ಚುತ್ತೆ ಕಣೋ.”

ಚೀಟಿ ಹರಿಯಲಿಲ್ಲ. ಗೆರೆ ಎಳೆದು ಪಕ್ಕದಲ್ಲಿ ‘ಕಚ್ಚು’ ಅಂತ ಬರೆದಿದ್ದೇನೆ. ಸೂರ್ಯನೂ ಕೂರಲ್ಲ, ಮುಳುಗ್ತಾನೆ. ಮೊಸರು ಹೆಪ್ಪುಗಟ್ಟುತ್ತೆ. ಅಚ್ಚಿನ ಮೊಳೆ ಜೋಡಿಸ್ತಾರೆ.

ಈ ವಾರ ಸಿಕ್ಕಿಹಾಕಿಕೊಂಡದ್ದು ಸಿಮೆಂಟಿನಲ್ಲಿ. ಪಕ್ಕದ ಮನೆಗೆ ತಾರಸಿ ಹಾಕ್ತಿದ್ದ ಮೇಸ್ತ್ರಿಯನ್ನ ಕೇಳಿದೆ, ಸೆಟ್ ಆಗೋದಕ್ಕೆ ಕನ್ನಡದಲ್ಲಿ ಏನಂತೀರಿ?

“ಸೆಟ್ಟಾಗೋದು ಅಂತೀವಿ ಸಾರ್.”

“ಗಟ್ಟಿಯಾಗೋದು ಅಲ್ವಾ?”

“ಅದು ಆಮೇಲೆ. ಮೊದ್ಲು ಸೆಟ್ಟಾಗ್ಬೇಕು, ಆಮೇಲೆ ದಿನಾ ನೀರು ಹೊಡೆದ್ರೆ ಗಟ್ಟಿಯಾಗುತ್ತೆ.”

ಮನೆಗೆ ಬಂದು ನೋಡಿದರೆ ಮೇಸ್ತ್ರಿ ಹೇಳಿದ್ದೇ ಸರಿ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕೆ ಮುಂಚೆ ಸೆಟ್ಟಾಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ಟಾಗಬೇಕು. ಬಲ ಬರೋದಕ್ಕೆ ಬೇರೆ ಪರೀಕ್ಷೆ, ಅದು ದಿನಗಳ ಲೆಕ್ಕ.

84ನೇ ಚೀಟಿ, ಕನ್ನಡದ ಕಾಲಂ: ‘ಸೆಟ್ಟಾಗು’. ಪೆನ್ಸಿಲ್‌ನಲ್ಲಲ್ಲ, ಪೆನ್ನಿನಲ್ಲೇ ಬರೆದೆ.